ಕೃಷಿ ಉಳಿಕೆಗಳ ಸಕ್ರಿಯ ಇದ್ದಿಲು

ತೆಂಗಿನ ಕರಟ, ಭತ್ತದ ಹೊಟ್ಟು, ಮೆಕ್ಕೆಜೋಳದ ದಿಂಡು, ಶೇಂಗಾ ಸಿಪ್ಪೆಗಳಂಥ ಬೆಳೆ ಉಳಿಕೆಗಳನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲಾಗಿಸಿ, ಆ ಇದ್ದಿಲನ್ನು ಹಬೆಯಿಂದಲೋ ರಾಸಾಯನಿಕಗಳಿಂದಲೋ ಸಂಸ್ಕರಿಸಿದಾಗ ದೊರೆಯುವ, ಎಣಿಕೆಗೆ ಸಿಗದಷ್ಟು ಸೂಕ್ಷ್ಮ ರಂಧ್ರಗಳುಳ್ಳ ಇಂಗಾಲ. ಸಕ್ರಿಯ ಇಂಗಾಲ, ಪಟುಕೃತ ಇದ್ದಿಲು ಎಂಬ ಹೆಸರುಗಳೂ ಇದಕ್ಕಿವೆ. ನೀರಿನಲ್ಲಿ ಕರಗಿರುವ ಬಣ್ಣ, ವಾಸನೆ, ಕೀಟನಾಶಕ ಮತ್ತು ಇತರ ಸಾವಯವ ರಾಸಾಯನಿಕಗಳನ್ನು ತೆಗೆಯಲು ನಗರದ ನೀರು ಶುದ್ಧೀಕರಣ ಸ್ಥಾವರದಿಂದ ಹಿಡಿದು ಅಡುಗೆಮನೆಯ ಫಿಲ್ಟರಿನವರೆಗೆ ಇದರ ಬಳಕೆಯಿದೆ. ಮರ, ಕಲ್ಲಿದ್ದಲುಗಳಿಂದಲೂ ಸಕ್ರಿಯ ಇದ್ದಿಲು ತಯಾರಾಗುತ್ತದೆ. ಆದರೆ ಕುಡಿಯುವ ನೀರಿನ ಮಟ್ಟಿಗೆ ತೆಂಗಿನ ಕರಟದ ಇದ್ದಿಲಿಗೆ ವಿಶೇಷ ಹೆಸರಿದೆ. ಇದ್ದಿಲು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದೀತು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಯಾವ ಉಳಿಕೆ, ಎಷ್ಟು ಕಾವು, ಎಂಥ ನೀರು. ಮೊದಲ ಎರಡು ಸರಿಯಾಗಿದ್ದು ಮೂರನೆಯದನ್ನು ಮರೆತರೆ, ಒಳ್ಳೆಯ ಇದ್ದಿಲೂ ಸುಳ್ಳು ಭರವಸೆಯಾಗುತ್ತದೆ.

ಶುದ್ಧಗೊಳಿಸುವ ಬಗೆ

ಮರಳು ನೀರನ್ನು ಸೋಸುತ್ತದೆ. ಕಣಗಳು ಮರಳಿನ ನಡುವೆ ಸಿಕ್ಕಿಕೊಳ್ಳುತ್ತವೆ. ಇದ್ದಿಲಿನ ಕೆಲಸ ಬೇರೆ. ನೀರಿನಲ್ಲಿ ಕರಗಿರುವ ಅಣುಗಳು ಅದರ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ಇದೇ ಅಧಿಶೋಷಣೆ. ಬಟ್ಟೆ ನೀರನ್ನು ತನ್ನೊಳಗೆಲ್ಲ ತುಂಬಿಕೊಂಡಂತೆ ಇದು ಹೀರಿಕೊಳ್ಳುವ ಕ್ರಿಯೆಯಲ್ಲ. ಅಣುಗಳು ಕೂರುವುದು ಮೇಲ್ಮೈಯ ಮೇಲೆ ಮಾತ್ರ. ಆದ್ದರಿಂದ ಮೇಲ್ಮೈ ಹೆಚ್ಚಿದಷ್ಟೂ ಹಿಡಿಯುವ ಶಕ್ತಿ ಹೆಚ್ಚು.

ಆ ಮೇಲ್ಮೈ ಇರುವುದು ಇದ್ದಿಲಿನ ರಂಧ್ರಗಳ ಒಳಗೋಡೆಗಳಲ್ಲಿ. ಚೆನ್ನಾಗಿ ಸಕ್ರಿಯಗೊಂಡ ಕರಟದ ಇದ್ದಿಲಿನ ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್ ಮೇಲ್ಮೈ ಇರುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂದು ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ ಜಮೀನು. ರಂಧ್ರಗಳನ್ನು ಗಾತ್ರದ ಪ್ರಕಾರ ಮೂರಾಗಿ ವಿಂಗಡಿಸುತ್ತಾರೆ: 2 ನ್ಯಾನೊಮೀಟರಿಗಿಂತ ಕಿರಿದಾದ ಸೂಕ್ಷ್ಮರಂಧ್ರಗಳು, 2ರಿಂದ 50 ನ್ಯಾನೊಮೀಟರಿನ ಮಧ್ಯಮ ರಂಧ್ರಗಳು, ಅದಕ್ಕಿಂತ ದೊಡ್ಡ ರಂಧ್ರಗಳು. ಒಂದು ಮಿಲಿಮೀಟರನ್ನು ಐದು ಲಕ್ಷ ಪಾಲು ಮಾಡಿದರೆ ಒಂದು ಪಾಲು 2 ನ್ಯಾನೊಮೀಟರ್. ದೊಡ್ಡ ರಂಧ್ರಗಳು ಹೆದ್ದಾರಿಗಳಂತೆ, ಮಧ್ಯಮದವು ಬೀದಿಗಳಂತೆ, ಸೂಕ್ಷ್ಮರಂಧ್ರಗಳು ಮನೆಗಳಂತೆ. ಅಣುಗಳು ದಾರಿ ಹಿಡಿದು ಬಂದು ಕೊನೆಗೆ ನೆಲೆಸುವುದು ಈ ಮನೆಗಳಲ್ಲಿ.

ಅಣುಗಳನ್ನು ಮುಖ್ಯವಾಗಿ ಹಿಡಿದಿಡುವುದು ವಾನ್ ಡರ್ ವಾಲ್ಸ್ ಸೆಳೆತವೆಂಬ ದುರ್ಬಲ ಬಲ. ನೀರಿನೊಂದಿಗೆ ಅಷ್ಟಾಗಿ ಬೆರೆಯದ ಸಾವಯವ ಅಣುಗಳು ಇದ್ದಿಲಿಗೆ ಬೇಗ ಅಂಟುತ್ತವೆ. ನೀರಿನಲ್ಲಿ ಹಾಯಾಗಿ ಕರಗಿರುವ ಉಪ್ಪಿನ ಅಯಾನುಗಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕ್ಲೋರಿನ್ನಿನ ವಿಷಯ ಮಾತ್ರ ಬೇರೆ. ಅದು ಅಂಟಿಕೊಳ್ಳುವ ಬದಲು ಇಂಗಾಲದೊಂದಿಗೆ ರಾಸಾಯನಿಕವಾಗಿ ವರ್ತಿಸಿ ನಿರುಪದ್ರವಿ ಕ್ಲೋರೈಡ್ ಆಗುತ್ತದೆ.

ಇತಿಹಾಸ

ಇದ್ದಿಲು ಅನಿಲಗಳನ್ನು ಹಿಡಿದಿಡುತ್ತದೆ ಎಂಬುದನ್ನು ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ 1773ರಲ್ಲಿ ಗಮನಿಸಿದ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಔಷಧಶಾಲೆಯ ಕೆಲಸದಲ್ಲಿದ್ದ ಯೋಹಾನ್ ಟೋಬಿಯಾಸ್ ಲೋವಿಟ್ಸ್ 1785ರಲ್ಲಿ ದ್ರಾವಣದ ಬಣ್ಣವನ್ನು ಇದ್ದಿಲು ತೆಗೆಯುವುದನ್ನು ಕಂಡುಕೊಂಡ. ಈ ಗುಣವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡದ್ದು ಸಕ್ಕರೆ ಉದ್ಯಮ. ಕಂದು ಪಾಕವನ್ನು ಬಿಳಿ ಸಕ್ಕರೆಯಾಗಿಸಲು ಅದು ಮರದ ಇದ್ದಿಲನ್ನು, ಆಮೇಲೆ ಮೂಳೆಯ ಇದ್ದಿಲನ್ನು ಉಪಯೋಗಿಸಿತು. ಅಧಿಶೋಷಣೆಗೆ ಯುರೋಪಿನ ಭಾಷೆಗಳಲ್ಲಿ ಇಂದು ಬಳಕೆಯಲ್ಲಿರುವ ಪದವನ್ನು 1881ರಲ್ಲಿ ಜರ್ಮನಿಯ ಹೈನ್ರಿಚ್ ಕೈಸರ್ ಬಳಕೆಗೆ ತಂದ.

ಸಾಮಾನ್ಯ ಇದ್ದಿಲನ್ನು ಸಕ್ರಿಯಗೊಳಿಸುವ ಕೈಗಾರಿಕಾ ವಿಧಾನಗಳು ರೂಪುಗೊಂಡದ್ದು 20ನೆಯ ಶತಮಾನದ ಹೊಸ್ತಿಲಲ್ಲಿ. ರಾಫೆಲ್ ಫಾನ್ ಓಸ್ಟ್ರೆಯ್ಕೊ 1900ರ ಆಸುಪಾಸಿನಲ್ಲಿ ಎರಡು ಮಾರ್ಗಗಳಿಗೆ ಪೇಟೆಂಟ್ ಪಡೆದ. ಒಂದು, ಲೋಹದ ಕ್ಲೋರೈಡುಗಳೊಂದಿಗೆ ಸುಡುವುದು. ಇನ್ನೊಂದು, ಕೆಂಪಗೆ ಕಾದ ಇದ್ದಿಲಿನ ಮೇಲೆ ಹಬೆ ಅಥವಾ ಇಂಗಾಲದ ಡೈಆಕ್ಸೈಡ್ ಹಾಯಿಸುವುದು. ಇಂದಿಗೂ ಈ ಉದ್ಯಮ ನಡೆಯುತ್ತಿರುವುದು ಆ ಎರಡು ದಾರಿಗಳಲ್ಲಿಯೇ.

ಕರಟಕ್ಕೆ ಬೆಲೆ ತಂದುಕೊಟ್ಟದ್ದು ಯುದ್ಧ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಹರಿಯಬಿಟ್ಟಿತು. ವಿಷಾನಿಲದಿಂದ ಕಾಯುವ ಮುಖವಾಡಗಳಿಗೆ ಇದ್ದಿಲು ಬೇಕಾಯಿತು. ರಷ್ಯಾದಲ್ಲಿ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲಿನ ಮುಖವಾಡ ರೂಪಿಸಿದರು. ಕರಟದಂಥ ಗಟ್ಟಿ ಚಿಪ್ಪಿನ ಇದ್ದಿಲು ಈ ಕೆಲಸಕ್ಕೆ ಮೇಲೆಂದು ಅಮೆರಿಕದವರು ಕಂಡುಕೊಂಡರು. 1918ರಲ್ಲಿ ಅಲ್ಲಿನ ಮನೆಮನೆಗಳಿಂದ ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಸಂಗ್ರಹಿಸಿ ಸೇನೆಗೆ ಕಳುಹಿಸುವ ಚಳವಳಿಯೇ ನಡೆಯಿತು.

ಯುದ್ಧ ಮುಗಿದ ಮೇಲೆ ಇದೇ ಜ್ಞಾನ ನೀರಿನ ಕಡೆಗೆ ತಿರುಗಿತು. 1920ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೊದಲ್ಲಿ ಫೀನಾಲ್ ಸೇರಿದ ನೀರಿಗೆ ಕ್ಲೋರಿನ್ ಹಾಕಿದಾಗ ಹುಟ್ಟುತ್ತಿದ್ದ ಔಷಧಿಯಂಥ ರುಚಿಯನ್ನು ಇದ್ದಿಲಿನ ಪುಡಿಯಿಂದ ಹೋಗಲಾಡಿಸಿದರು. 1938ರಲ್ಲಿ ಬ್ರುನೌವರ್, ಎಮೆಟ್ ಮತ್ತು ಟೆಲ್ಲರ್ ಎಂಬ ಮೂವರು ಇಂಥ ವಸ್ತುಗಳ ಮೇಲ್ಮೈಯನ್ನು ಅಳೆಯುವ ಸಿದ್ಧಾಂತ ನೀಡಿದರು. 1974ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ರಸಾಯನವಿಜ್ಞಾನಿ ಯೋಹಾನೆಸ್ ರೂಕ್, ಸಸ್ಯಮೂಲದ ಕಲ್ಮಶವಿರುವ ನೀರಿಗೆ ಕ್ಲೋರಿನ್ ಬೆರೆತಾಗ ಕ್ಲೋರೊಫಾರಂನಂಥ ಟ್ರೈಹ್ಯಾಲೊಮೀಥೇನುಗಳು ಹುಟ್ಟುತ್ತವೆ ಎಂದು ತೋರಿಸಿದ. 1979ರಲ್ಲಿ ಅಮೆರಿಕ ಇವುಗಳಿಗೆ ಲೀಟರಿಗೆ 0.1 ಮಿಲಿಗ್ರಾಮಿನ ಮಿತಿ ಹಾಕಿತು. ಅಲ್ಲಿಯವರೆಗೆ ರುಚಿ, ವಾಸನೆಗಳಿಗೆ ಮೀಸಲಾಗಿದ್ದ ಇದ್ದಿಲು ಅಲ್ಲಿಂದಾಚೆಗೆ ಆರೋಗ್ಯದ ಪ್ರಶ್ನೆಯೂ ಆಯಿತು.

ಕಚ್ಚಾವಸ್ತುಗಳು

ಭಾರತದಲ್ಲಿ ವರ್ಷಕ್ಕೆ ಅಂದಾಜು 50 ಕೋಟಿ ಟನ್ನು ಬೆಳೆ ಉಳಿಕೆ ಉತ್ಪತ್ತಿಯಾಗುತ್ತದೆ. ಇದನ್ನೆಲ್ಲ ಕಸವೆನ್ನುವುದು ತಪ್ಪು. ರಾಗಿ ಹುಲ್ಲು, ಜೋಳದ ಕಣಿಕೆ ದನಗಳ ಪಾಲು; ತರಗು, ಸೊಪ್ಪು ಗೊಬ್ಬರದ ಪಾಲು. ದನ ತಿನ್ನದ, ಬೇಗ ಕೊಳೆಯದ, ಒಂದೆಡೆ ರಾಶಿಯಾಗಿ ಸಿಗುವ ಉಳಿಕೆಯಷ್ಟೇ ಇದ್ದಿಲಿಗೆ ಯೋಗ್ಯ. ಗಿರಣಿಯ ಹಿಂದೆ ಬೀಳುವ ಭತ್ತದ ಹೊಟ್ಟು, ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟ, ಮೆಕ್ಕೆಜೋಳದ ದಿಂಡು, ಶೇಂಗಾ ಸಿಪ್ಪೆ, ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ, ಹತ್ತಿ ಮತ್ತು ತೊಗರಿಯ ಕಟ್ಟಿಗೆ, ಕಬ್ಬಿನ ಸಿಪ್ಪೆ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿಯೂ ಹಲವು ಈಗಾಗಲೇ ಬಾಯ್ಲರುಗಳಿಗೆ, ಒಲೆಗಳಿಗೆ ಉರುವಲಾಗಿವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಸಸ್ಯದ ಒಡಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ವಸ್ತುಗಳಿಂದ ಆದದ್ದು. ಸಸ್ಯಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಹೆಚ್ಚಿದ್ದಷ್ಟೂ ಇದ್ದಿಲು ಹೆಚ್ಚು ಉಳಿಯುತ್ತದೆ. ಕರಟದಲ್ಲಿ ಲಿಗ್ನಿನ್ ಧಾರಾಳ, ಬೂದಿಯಾಗುವ ಖನಿಜ ಬಹಳ ಕಡಿಮೆ. ಅದರ ಇದ್ದಿಲು ಗಟ್ಟಿಯಾಗಿರುವುದರಿಂದ ನೀರಿನ ರಭಸಕ್ಕೆ ಪುಡಿಯಾಗುವುದಿಲ್ಲ. ರಂಧ್ರಗಳಲ್ಲಿ ಬಹುಪಾಲು ಸೂಕ್ಷ್ಮರಂಧ್ರಗಳೇ. ಸಣ್ಣ ಅಣುಗಳನ್ನು ಹಿಡಿಯಲು ಇದಕ್ಕಿಂತ ಅನುಕೂಲವಾದ ಸಸ್ಯವಸ್ತು ಅಪರೂಪ.

ಭತ್ತದ ಹೊಟ್ಟಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ತೂಕದ ಸುಮಾರು ಐದನೆಯ ಒಂದು ಭಾಗ ಬೂದಿ, ಆ ಬೂದಿಯಲ್ಲಿ ಹೆಚ್ಚಿನದೆಲ್ಲ ಸಿಲಿಕ. ಅದನ್ನು ಕ್ಷಾರದಿಂದ ತೊಳೆದು ತೆಗೆಯದಿದ್ದರೆ ಉತ್ತಮ ದರ್ಜೆಯ ಸಕ್ರಿಯ ಇದ್ದಿಲು ಸಿಗುವುದಿಲ್ಲ. ಆದರೆ ಆ ಬೂದಿಯೇ ಬೇರೊಂದು ದಾರಿ ತೆರೆಯಿತು. 2009ರಲ್ಲಿ ಟಾಟಾ ಸಮೂಹ ಮಾರುಕಟ್ಟೆಗೆ ತಂದ ಟಾಟಾ ಸ್ವಚ್ಛ್ ಎಂಬ ವಿದ್ಯುತ್ ಬೇಡದ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಲೇಪಿಸಿ ರೋಗಾಣುಗಳನ್ನು ಕೊಲ್ಲುವ ವ್ಯವಸ್ಥೆಯಿತ್ತು.

ತಯಾರಿಕೆ

ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಇದ್ದಿಲಾಗಿಸುವುದು. ಒಣಗಿದ ಉಳಿಕೆಯನ್ನು ಗಾಳಿಯ ಕೊರತೆಯಲ್ಲಿ ಕಾಯಿಸಿದರೆ ಅದು ಉರಿದು ಬೂದಿಯಾಗದೆ ಒಡೆಯತೊಡಗುತ್ತದೆ. ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಮಿಸೆಲ್ಯುಲೋಸ್, 315ರಿಂದ 400 ಡಿಗ್ರಿಯ ನಡುವೆ ಸೆಲ್ಯುಲೋಸ್ ಒಡೆದುಹೋಗುತ್ತವೆ. ಲಿಗ್ನಿನ್ ಮಾತ್ರ ಕಡಿಮೆ ಕಾವಿನಲ್ಲಿಯೇ ಶುರುವಾಗಿ ನಿಧಾನವಾಗಿ ಕೊನೆಯವರೆಗೂ ಒಡೆಯುತ್ತಲೇ ಇರುತ್ತದೆ. ಹೊಗೆ, ಟಾರು, ಆಮ್ಲಯುಕ್ತ ಆವಿ ಹೊರಬಿದ್ದು ಇಂಗಾಲದ ಅಸ್ಥಿಪಂಜರ ಉಳಿಯುತ್ತದೆ.

ಹಳ್ಳಿಗಳ ಹಳೆಯ ವಿಧಾನ ಗುಂಡಿಯದು. ಗುಂಡಿಯ ತಳದಲ್ಲಿ ಕಿಚ್ಚು ಹಚ್ಚಿ, ಕರಟಗಳನ್ನು ಹಂತಹಂತವಾಗಿ ಹಾಕುತ್ತ ಹೋಗಿ, ತುಂಬಿದ ಮೇಲೆ ಹಸಿ ಸೊಪ್ಪು, ಮಣ್ಣು ಮುಚ್ಚಿ ಆರಲು ಬಿಡುತ್ತಾರೆ. ಕಬ್ಬಿಣದ ಡ್ರಮ್ಮಿನಲ್ಲಿ ಗಾಳಿಯ ಕಿಂಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಸುಡುವುದು ಇದರ ಸುಧಾರಿತ ರೂಪ. ಅನುಭವಸ್ಥರು ಇದ್ದಿಲನ್ನು ಕಿವಿಯಿಂದ ಅಳೆಯುತ್ತಾರೆ. ಚೆನ್ನಾಗಿ ಬೆಂದ ಕರಟದ ಇದ್ದಿಲನ್ನು ಗಟ್ಟಿ ನೆಲದ ಮೇಲೆ ಹಾಕಿದರೆ ಲೋಹದಂತೆ ಠಣ್ಣೆನ್ನುತ್ತದೆ, ಮುರಿದರೆ ಒಡೆದ ಜಾಗ ಹೊಳೆಯುತ್ತದೆ. ಬೇಯದೆ ಉಳಿದದ್ದು ಕಂದಾಗಿರುತ್ತದೆ, ಹೊಗೆ ವಾಸನೆ ಹೊಡೆಯುತ್ತದೆ.

ಎರಡನೆಯದು ಸಕ್ರಿಯಗೊಳಿಸುವುದು. ಗುಂಡಿಯಿಂದ ಬಂದ ಇದ್ದಿಲಿನ ರಂಧ್ರಗಳು ಟಾರಿನಿಂದ ಕಟ್ಟಿಕೊಂಡಿರುತ್ತವೆ. ಹಬೆಯ ವಿಧಾನದಲ್ಲಿ ತಿರುಗುವ ಕುಲುಮೆಯೊಳಗೆ 800ರಿಂದ 1000 ಡಿಗ್ರಿ ಕಾವಿನಲ್ಲಿ ಇದ್ದಿಲಿನ ಮೇಲೆ ಹಬೆ ಹಾಯಿಸುತ್ತಾರೆ. ಹಬೆ ಇಂಗಾಲದೊಂದಿಗೆ ವರ್ತಿಸಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕವಾಗುತ್ತದೆ. ಹೀಗೆ ಕಳೆದುಹೋದ ಒಂದೊಂದು ಇಂಗಾಲದ ಪರಮಾಣುವಿನ ಜಾಗದಲ್ಲಿ ರಂಧ್ರ ಮೂಡುತ್ತ, ಅಗಲವಾಗುತ್ತ ಹೋಗುತ್ತದೆ. ಇದ್ದಿಲಿನ ಬೆಲೆ ಹೆಚ್ಚುವುದು ಅದು ಕಳೆದುಕೊಂಡದ್ದರಿಂದ: ಸುಮಾರು 10 ಕಿಲೊ ಕರಟದಿಂದ 3 ಕಿಲೊ ಇದ್ದಿಲು, ಅದರಿಂದ 1 ಕಿಲೊ ಆಸುಪಾಸು ಸಕ್ರಿಯ ಇದ್ದಿಲು ಸಿಗುತ್ತದೆ. ಹಬೆ ಹೆಚ್ಚಾದರೆ ಗೋಡೆಗಳೇ ಕುಸಿದು ಇದ್ದಿಲು ಪುಡಿಯಾಗುತ್ತದೆ. ಕಡಿಮೆಯಾದರೆ ರಂಧ್ರ ತೆರೆಯುವುದಿಲ್ಲ.

ರಾಸಾಯನಿಕ ವಿಧಾನದಲ್ಲಿ ಉಳಿಕೆಯನ್ನು ಫಾಸ್ಫಾರಿಕ್ ಆಮ್ಲ, ಸತುವಿನ ಕ್ಲೋರೈಡ್ ಅಥವಾ ಪೊಟಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿ ಒಂದೇ ಸಲಕ್ಕೆ ಸುಡುತ್ತಾರೆ. ಫಾಸ್ಫಾರಿಕ್ ಆಮ್ಲಕ್ಕೆ 400ರಿಂದ 600 ಡಿಗ್ರಿ ಸಾಕು, ಇಳುವರಿಯೂ ಹೆಚ್ಚು. ಆದರೆ ಉಳಿದ ರಾಸಾಯನಿಕವನ್ನು ಪೂರ್ತಿ ತೊಳೆಯಬೇಕು, ತೊಳೆದ ನೀರನ್ನೂ ಶುದ್ಧಗೊಳಿಸಬೇಕು. ಮನೆಯ ಅಂಗಳದಲ್ಲಿ ಮಾಡುವ ಕೆಲಸ ಇದಲ್ಲ.

ಗುಣಮಟ್ಟದ ಅಳತೆ

ಇದ್ದಿಲಿನ ಶಕ್ತಿಯನ್ನು ಅಯೋಡಿನ್ ಸಂಖ್ಯೆಯಿಂದ ಹೇಳುವುದು ವಾಡಿಕೆ. ಒಂದು ಗ್ರಾಂ ಇದ್ದಿಲು ದ್ರಾವಣದಿಂದ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬುದೇ ಈ ಸಂಖ್ಯೆ. ನೀರಿಗೆ ಬಳಸುವ ಒಳ್ಳೆಯ ಕರಟದ ಇದ್ದಿಲಿಗೆ ಇದು 900ರಿಂದ 1100ರ ನಡುವೆ ಇರುತ್ತದೆ. ಬಣ್ಣದಂಥ ದೊಡ್ಡ ಅಣುಗಳನ್ನು ಹಿಡಿಯುವ ಶಕ್ತಿಯನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಿಂದ ಪರೀಕ್ಷಿಸುತ್ತಾರೆ. ಇವುಗಳ ಜೊತೆಗೆ ತೇವಾಂಶ, ಬೂದಿ, ಗಟ್ಟಿತನ ಮತ್ತು ಕಾಳಿನ ಗಾತ್ರವನ್ನೂ ನೋಡುತ್ತಾರೆ. ಎರಡು ಇದ್ದಿಲುಗಳ ಅಯೋಡಿನ್ ಸಂಖ್ಯೆ ಒಂದೇ ಆಗಿದ್ದರೂ ರಂಧ್ರಗಳ ಹಂಚಿಕೆ ಬೇರೆಯಾಗಿರಬಹುದು. ಅದಕ್ಕೇ ಯಾವ ನೀರಿಗೆ ಬಳಸುತ್ತೇವೋ ಅದೇ ನೀರಿನಲ್ಲಿ ಪರೀಕ್ಷಿಸಿ ನೋಡುವುದು ಉತ್ತಮ.

ನೀರಿನಲ್ಲಿ ಬಳಕೆ

ಬಳಕೆಯ ರೂಪಗಳು ಎರಡು. ಪುಡಿಯನ್ನು ನೀರಿಗೆ ಬೆರೆಸಿ, ಸ್ವಲ್ಪ ಹೊತ್ತಿನ ನಂತರ ತಿಳಿಗೊಳಿಸಿ ಸೋಸಿ ತೆಗೆಯುತ್ತಾರೆ. ಬೇಸಗೆಯಲ್ಲಿ ಜಲಾಶಯದ ಪಾಚಿಯಿಂದ ನೀರಿಗೆ ಮಣ್ಣಿನ ವಾಸನೆ ಬಂದಾಗ ಇದು ತಕ್ಷಣದ ಪರಿಹಾರ. ವರ್ಷವಿಡೀ ನಡೆಯುವ ಶುದ್ಧೀಕರಣಕ್ಕೆ ಕಾಳುಗಳನ್ನು ತೊಟ್ಟಿಯಲ್ಲಿ ತುಂಬಿ ಅದರ ಮೂಲಕ ನೀರು ಹರಿಸುತ್ತಾರೆ. ನೀರು ಇದ್ದಿಲಿನ ನಡುವೆ ಸಾಕಷ್ಟು ಹೊತ್ತು ಇರಬೇಕು. ದೊಡ್ಡ ಸ್ಥಾವರಗಳಲ್ಲಿ 10ರಿಂದ 20 ನಿಮಿಷದ ಸಂಪರ್ಕ ಸಾಮಾನ್ಯ. ನಲ್ಲಿಗೆ ಸಿಕ್ಕಿಸಿದ ಪುಟ್ಟ ಫಿಲ್ಟರಿನಲ್ಲಿ ನೀರು ಕೆಲವೇ ಸೆಕೆಂಡು ಇರುವುದರಿಂದ ಅದರಿಂದ ಎಲ್ಲವನ್ನೂ ನಿರೀಕ್ಷಿಸಬಾರದು.

ಕೆಸರು ನೀರು ಇದ್ದಿಲಿನ ಶತ್ರು. ಮಣ್ಣು ಮತ್ತು ಎಲೆ ಕೊಳೆತ ಕಂದು ಕಲ್ಮಶ ರಂಧ್ರಗಳ ಬಾಯಿಗೆ ಕೂತರೆ, ಹಿಡಿಯಬೇಕಾದ ವಿಷಕ್ಕೆ ಜಾಗವಿರುವುದಿಲ್ಲ. ಹಾಗಾಗಿ ಮರಳು ಮೊದಲು, ಇದ್ದಿಲು ಆಮೇಲೆ. ಕರ್ನಾಟಕದ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಈ ಕ್ರಮವನ್ನು ನೋಡಬಹುದು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ನಲ್ಲಿಯ ಹಿಂದೆ, ಒಳಗೆ, ಸಾಮಾನ್ಯವಾಗಿ ಎರಡು ಉದ್ದನೆಯ ಟ್ಯಾಂಕುಗಳು ನಿಂತಿರುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಸಕ್ರಿಯ ಇದ್ದಿಲು. ನೀರಿನ ಉಪ್ಪಿನಂಶ ತೆಗೆಯುವ, ಆದರೆ ಕ್ಲೋರಿನ್ ತಾಗಿದರೆ ಹಾಳಾಗುವ ಆರ್‌ಓ ಪೊರೆಯನ್ನು ಕಾಯುವುದು ಈ ಇದ್ದಿಲಿನ ಕೆಲಸ. ಮನೆಯ ಆರ್‌ಓ ಯಂತ್ರದಲ್ಲಿರುವ ಕಾರ್ಬನ್ ಕಾರ್ಟ್ರಿಜ್ಜಿನದೂ ಇದೇ ಕೆಲಸ.

ಇದ್ದಿಲಿನಲ್ಲಿ ಜಾಗ ತುಂಬಿದ ಮೇಲೆ ಅದನ್ನು ಬದಲಿಸಬೇಕು. ದೊಡ್ಡ ಸ್ಥಾವರಗಳು ಹಳೆಯ ಇದ್ದಿಲನ್ನು ಮತ್ತೆ 800 ಡಿಗ್ರಿಗಿಂತ ಹೆಚ್ಚು ಕಾಯಿಸಿ, ಅಂಟಿದ್ದನ್ನು ಸುಟ್ಟು, ಪುನಃ ಬಳಸುತ್ತವೆ. ಪ್ರತಿ ಸಲ ಒಂದಿಷ್ಟು ಇದ್ದಿಲು ನಷ್ಟವಾಗುತ್ತದೆ. ಬಿಸಿಲಿಗೆ ಒಣಗಿಸಿದರೆ, ಕುದಿಸಿದರೆ ಇದ್ದಿಲು ಹೊಸದಾಗುತ್ತದೆ ಎಂಬ ನಂಬಿಕೆ ಸರಿಯಲ್ಲ.

ಮಿತಿಗಳು

ಇದ್ದಿಲು ರೋಗಾಣುಗಳನ್ನು ತಡೆಯುತ್ತದೆಂದು ನಂಬುವಂತಿಲ್ಲ. ಭೇದಿಗೆ ಕಾರಣವಾಗಬಲ್ಲ ಇ. ಕೋಲಿ ಬ್ಯಾಕ್ಟೀರಿಯಾ ಒಂದೆರಡು ಮೈಕ್ರೊಮೀಟರ್ ಉದ್ದವಿರುತ್ತದೆ. ಸೂಕ್ಷ್ಮರಂಧ್ರಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಅದು ರಂಧ್ರದೊಳಗೆ ಹೋಗದೆ ಕಾಳುಗಳ ನಡುವಿನ ಸಂದಿಯಿಂದ ನುಸುಳಿ ಬರುತ್ತದೆ. ಇದ್ದಿಲು ಕ್ಲೋರಿನ್ನನ್ನು ತೆಗೆದುಬಿಡುವುದರಿಂದ, ಬದಲಿಸದೆ ಬಿಟ್ಟ ಹಳೆಯ ಫಿಲ್ಟರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲೂಬಹುದು. ಇದ್ದಿಲು ದಾಟಿದ ನೀರನ್ನು ಕುದಿಸಬೇಕು, ಇಲ್ಲವೇ ಬೇರೆ ವಿಧಾನದಿಂದ ರೋಗಾಣುಮುಕ್ತ ಮಾಡಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಕೀಟನಾಶಕ ಉಳಿದೀತು. ಇದ್ದಿಲು ಕೀಟನಾಶಕ ಹಿಡಿಯುತ್ತದೆ, ರೋಗಾಣು ಉಳಿದೀತು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಹೆಚ್ಚು ಮುಖ್ಯ. ಪಾವಗಡ, ಚಿತ್ರದುರ್ಗ, ಕೋಲಾರ, ರಾಯಚೂರು ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ಸಾಮಾನ್ಯ ಸಸ್ಯಮೂಲದ ಇದ್ದಿಲು ಇದನ್ನು ತೆಗೆಯುವುದಿಲ್ಲ. ಮೂಳೆಯ ಇದ್ದಿಲು ತೆಗೆಯುತ್ತದೆ, ಏಕೆಂದರೆ ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಫ್ಲೋರೈಡ್ ಅದಕ್ಕೆ ಅಂಟುತ್ತದೆ. ಹೆಸರು ಎರಡಕ್ಕೂ ಇದ್ದಿಲು, ಗುಣ ಬೇರೆ. ನೈಟ್ರೇಟ್, ಗಡಸುತನ, ಉಪ್ಪಿನಂಶಗಳ ಮೇಲೂ ಕರಟದ ಇದ್ದಿಲಿನ ಆಟ ನಡೆಯುವುದಿಲ್ಲ. ಹಾಗೆಯೇ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರಿನಿಂದ ಇದ್ದಿಲಿನ ಕೆಲಸವನ್ನು ಅಳೆಯಲಾಗದು. ಕೀಟನಾಶಕ ಬಂದದ್ದೂ ಹೋದದ್ದೂ ಆ ಮೀಟರಿಗೆ ತಿಳಿಯುವುದಿಲ್ಲ.

ಸಣ್ಣ ಪ್ರಮಾಣದ ಪ್ರಯೋಗಗಳು

ಕಾರ್ಖಾನೆಯ ಇದ್ದಿಲು ಕೊಳ್ಳಲಾಗದ ಹಳ್ಳಿಗಳಿಗಾಗಿ ಸರಳ ವಿಧಾನಗಳನ್ನು ರೂಪಿಸುವ ಪ್ರಯತ್ನ ಹಲವೆಡೆ ನಡೆದಿದೆ. ಉತ್ತರ ಥಾಯ್ಲೆಂಡಿನಲ್ಲಿ ಕೃಷಿ ಉಳಿಕೆಗಳನ್ನು ಡ್ರಮ್ಮಿನ ಗ್ಯಾಸಿಫೈಯರಿನಲ್ಲಿ ಸುಟ್ಟು, ಆ ಇದ್ದಿಲನ್ನು ಮರಳಿನ ಜೊತೆಗೆ ಫಿಲ್ಟರಿನಲ್ಲಿ ಬಳಸಿ ಹೊಲದ ಔಷಧಿಗಳ ಅಂಶ ತೆಗೆಯುವ ಕೆಲಸವಾಗಿದೆ. ಇಂಥ ಡ್ರಮ್ಮಿಗೆ ಬೆಂಕಿ ಹಚ್ಚುವುದು ಮೇಲಿನಿಂದ. ಕೆಳಗಿನ ಉಳಿಕೆ ಬಿಟ್ಟ ಅನಿಲ ಮೇಲೆ ಹೊಗೆಯಿಲ್ಲದೆ ಉರಿಯುತ್ತದೆ, ಇದ್ದಿಲಿಗೆ ಗುಂಡಿಯಲ್ಲಿ ಸಿಗದಷ್ಟು ಕಾವು ಸಿಗುತ್ತದೆ. ಸಕ್ರಿಯಗೊಳಿಸುವ ಹಂತವಿಲ್ಲದಿದ್ದರೂ ಹೆಚ್ಚು ಕಾವಿನಲ್ಲಿ ಬೆಂದ ಇದ್ದಿಲು ಕಡಿಮೆ ಕಾವಿನದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಒಲೆಯಲ್ಲಿ ಉಳಿದ ಕೆಂಡ ನಂದಿಸಿದ ಇದ್ದಿಲು ಮತ್ತು ಹೀಗೆ ಬೆಂದ ಇದ್ದಿಲು ನೋಡಲು ಒಂದೇ ಕಪ್ಪು. ಒಳಗಿನ ಮೇಲ್ಮೈಯಲ್ಲಿ ಅಜಗಜಾಂತರ.

ಗ್ಯಾಸಿಫೈಯರ್ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಿಂದ ಇದರಲ್ಲಿ ಕೆಲಸ ಮಾಡಿದೆ; ತುಮಕೂರು ಜಿಲ್ಲೆಯ ಹೊಸಹಳ್ಳಿಗೆ 1988ರಲ್ಲಿ ಕಟ್ಟಿಗೆಯ ಅನಿಲದಿಂದ ವಿದ್ಯುತ್ ಬಂದಿತ್ತು. ಗ್ಯಾಸಿಫೈಯರಿನ ಒಳಗೆ ಇದ್ದಿಲು ಕಾದ ಹಬೆ ಮತ್ತು ಇಂಗಾಲದ ಡೈಆಕ್ಸೈಡಿಗೆ ತಾನಾಗಿ ಒಡ್ಡಿಕೊಳ್ಳುತ್ತದೆ. ಆದ್ದರಿಂದ ವಿದ್ಯುತ್ತಿನ ಜೊತೆಗೆ ಅರೆಸಕ್ರಿಯ ಇದ್ದಿಲನ್ನೂ ಅಲ್ಲಿಂದ ಪಡೆಯಲು ಸಾಧ್ಯ.

ಪರಿಸರ ಮತ್ತು ಕೆಲಸಗಾರರ ಆರೋಗ್ಯ

ನೀರನ್ನು ಶುದ್ಧಗೊಳಿಸುವ ವಸ್ತುವಿನ ತಯಾರಿಕೆಯೇ ನೀರನ್ನು ಕೆಡಿಸಬಲ್ಲದು. ಗುಂಡಿಯ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್, ಮೀಥೇನ್, ಟಾರು ಇರುತ್ತವೆ. ಕಣ್ಣು, ಶ್ವಾಸಕೋಶಗಳ ಮೇಲೆ ಅವುಗಳ ಪರಿಣಾಮವನ್ನು ಮೊದಲು ಅನುಭವಿಸುವವರು ಗುಂಡಿಯ ಪಕ್ಕದಲ್ಲಿ ನಿಂತು ದುಡಿಯುವವರು. ಕೆಂಡ ಆರಿಸಲು ಸುರಿದ ನೀರು ಫೀನಾಲಿನಂಥ ರಾಸಾಯನಿಕಗಳನ್ನು ಹೊತ್ತು ನೆಲಕ್ಕಿಳಿದರೆ ಸುತ್ತಲಿನ ಬಾವಿಗಳು ಹಾಳಾಗುತ್ತವೆ. ಹೊಗೆಯನ್ನು ಹಿಡಿದು ಉರಿಸಿ ಅದೇ ಕಾವಿನಿಂದ ಕುಲುಮೆ ನಡೆಸುವುದು, ನೀರು ಸುರಿಯದೆ ಮುಚ್ಚಿದ ಡ್ರಮ್ಮಿನಲ್ಲಿಯೇ ಆರಿಸುವುದು, ಗುಂಡಿಗಳನ್ನು ಊರು ಮತ್ತು ಬಾವಿಗಳಿಂದ ದೂರವಿಡುವುದು ಇದಕ್ಕೆ ಪರಿಹಾರಗಳು. ಇವು ದುಬಾರಿ ತಂತ್ರಗಳಲ್ಲ. ಮನಸ್ಸು ಮತ್ತು ನಿಗಾ ಬೇಕು.

ಕರ್ನಾಟಕದಲ್ಲಿ ಸಾಧ್ಯತೆ

ತೆಂಗು ಬೆಳೆಯುವ ಪ್ರಮುಖ ರಾಜ್ಯಗಳಲ್ಲಿ ಕರ್ನಾಟಕ ಒಂದು. ತುಮಕೂರು, ಹಾಸನ, ಚಿತ್ರದುರ್ಗ, ಮಂಡ್ಯ ಜಿಲ್ಲೆಗಳ ಬಯಲು ತೋಟಗಳ ಕಾಯಿ ಹೆಚ್ಚಾಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಅದರ ಹೆಸರಾಂತ ಮಾರುಕಟ್ಟೆ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಒಣಗಿಸುತ್ತಾರೆ. ಹೀಗಾಗಿ ಅದರ ಚಿಪ್ಪು ಬಲಿತದ್ದೂ ಒಣಗಿದ್ದೂ ಆಗಿರುತ್ತದೆ. ಇದ್ದಿಲಿಗೆ ಬೇಕಾದ ಎರಡು ಗುಣಗಳೂ ಅಟ್ಟದ ಮೇಲೆಯೇ ಸಿದ್ಧವಾಗಿರುತ್ತವೆ. ಕರಾವಳಿ, ಮಲೆನಾಡಿನ ಕರಟ (ಗೆರಟೆ) ಮಾತ್ರ ಹೆಚ್ಚಾಗಿ ಬಚ್ಚಲ ಒಲೆಯಲ್ಲಿ ನೀರು ಕಾಯಿಸಲು ಹೋಗುತ್ತದೆ.

ಚಿಪ್ಪನ್ನು ಚಿಪ್ಪಾಗಿಯೇ ಮಾರಿದರೆ ಬೆಳೆಗಾರನಿಗೆ ಸಿಗುವುದು ಉರುವಲಿನ ಬೆಲೆ. ಇದ್ದಿಲಾಗಿಸಿದರೆ ಬೆಲೆ ಏರುತ್ತದೆ, ಸಕ್ರಿಯಗೊಳಿಸಿದರೆ ಮತ್ತಷ್ಟು ಏರುತ್ತದೆ. ಆದರೆ ಕುಲುಮೆ, ಪ್ರಯೋಗಾಲಯ, ಹೊಗೆ ನಿಯಂತ್ರಣ ಒಬ್ಬ ರೈತನ ಕೈಗೆ ಎಟುಕುವಂಥವಲ್ಲ. ಸಹಕಾರ ಸಂಘ ಅಥವಾ ಬೆಳೆಗಾರರ ಕಂಪನಿ ಇದಕ್ಕೆ ತಕ್ಕ ರೂಪ. ಜೊತೆಗೆ ಪ್ರತಿ ಊರಿನ ನೀರನ್ನು ಮೊದಲು ಪರೀಕ್ಷಿಸಬೇಕು. ಕೀಟನಾಶಕ, ಬಣ್ಣ, ವಾಸನೆಯ ತೊಂದರೆಯಿರುವ ಕಡೆ ಇದ್ದಿಲು. ಫ್ಲೋರೈಡ್ ಇರುವ ಕಡೆ ಅದಕ್ಕೆ ತಕ್ಕ ಬೇರೆ ಉಪಾಯ. ಎಲ್ಲ ಕಡೆಯೂ ರೋಗಾಣುಗಳ ವಿರುದ್ಧ ಎಚ್ಚರ. ತಿಪಟೂರಿನ ಅಟ್ಟದ ಚಿಪ್ಪು ಪಾವಗಡದ ಫ್ಲೋರೈಡಿಗೆ ಮದ್ದಾಗದು. ಆದರೆ ಅದೇ ಪಾವಗಡದ ಶುದ್ಧ ನೀರಿನ ಘಟಕದಲ್ಲಿ, ಫ್ಲೋರೈಡ್ ತೆಗೆಯುವ ಆರ್‌ಓ ಪೊರೆಯನ್ನು ಕ್ಲೋರಿನ್ನಿನಿಂದ ಕಾಯುವ ಟ್ಯಾಂಕಿನೊಳಗೆ ಅದಕ್ಕೆ ಸಲ್ಲುವ ಜಾಗವಿದೆ.